ಕುಗ್ಗುವ ಪಾಲು

ಉದ್ಯಮಬಾಗ, ವೆಲ್ಡಿಂಗ್ ಅಂಗಡಿ ಮ್ಯಾಲಿನ ಖೋಲಿ.
ಇಂಗ್ಲಿಷಿನಿಂದ ಜರ್ಮನ್, ಮಾತಿಗೆ ಒಂದೂವರಿ ರೂಪಾಯಿ.
ಹದಿನೇಳು ವರ್ಷ ನಾ ದಾಟಿಸಿದ್ದೆಲ್ಲಾ
ಪಂಪು, ವಾಲ್ವು, ಸೀಲು, ಬೋಲ್ಟು.
ಎಷ್ಟು ಒತ್ತಡಕ್ಕ ಸೋರತೈತಿ, ಎಷ್ಟಕ್ಕ ಒಡೀತೈತಿ
ಎರಡೂ ಭಾಷಾದಾಗ ಚುಕ್ಕಿ ತಪ್ಪದಂಗ ಗೊತ್ತು ನನಗ.

ಆ ಸೋಮವಾರ ಕರೆಂಟ್ ಹೋಗಿತ್ತು.
ಮೆಟ್ಟಲಾ ಹತ್ತಿ ಬಂದಾವ ನಾಗಲಿಂಗ ಬಡಿಗೇರ,
ಫೌಂಡ್ರಿಯೊಳಗ ಕಟ್ಟಿಗಿ ಪ್ಯಾಟರ್ನ್ ಮಾಡಿ ರಿಟೈರ್ ಆದಾವ.
ಬಲಗೈ ಹೆಬ್ಬೆರಳಿಗೆ ತುದಿ ಇಲ್ಲ.
ಪ್ಲಾಸ್ಟಿಕ್ ಚೀಲದಾಗ ಎರಡು ಹಾಳಿ,
ಮಮ್ಮಗಳು ಪೂರ್ಣಿಮಾ ಇಂಗ್ಲಿಷ್ ಮಾಡಿಕೊಟ್ಟದ್ದು.

"ಗಿಜೆಲಾಬಾಯಿಗೆ ಕಳಸೂದೈತ್ರಿ. ತೊಂಬತ್ತೊಂದರಾಗ
ಮಶೀನ ಕೂಡಸಾಕ ಬಂದಿದ್ದಳು, ನಾಕು ತಿಂಗಳು.
ಈಗ ಆಕೀಗೆ ಆರಾಮಿಲ್ಲಂತ."

ಹಾಳಿ ತುಂಬಾ ಪ್ಯಾಶನ್. ಡೀಪ್ ಎಮೋಷನ್.
ಹಾರ್ಟ್ ಅನ್ನೂದು ಎಂಟು ಸಲ.

ಶಬ್ದಕೋಶದ ಧೂಳ ಝಾಡಿಸಿದೆ.
ಪ್ಯಾಶನ್ನಿಗೆ ಅವರು ಲೈಡನ್‌ಶಾಫ್ಟ್ ಅಂತಾರ;
ಬಿಚ್ಚಿದರ ಒಳಗ ಲೈಡನ್: ನೋವು, ತಾಳಿಕೊಳ್ಳೂದು.
"ಅವರಿಗೂ ಗೊತ್ತೈತೇನ್ರಿ ಅದು?" ಅಂದ ಮುದುಕ.
ಉಮೇದಿಗೆ ಬೆಗೈಸ್ಟರುಂಗ್.
ಅದರಾಗಿನ ಗೈಸ್ಟ್ ಚೈತನ್ಯನೂ ಹೌದು, ದೆವ್ವನೂ ಹೌದು.
"ಮೈಯಾಗ ಬಂದಂಗ?"
ಹೂಂ, ನಮ್ಮ ಆವೇಶನೂ ಅದ, ಒಳಹೊಕ್ಕದ್ದು.
"ಬ್ಯಾಡ್ರಿ. ಆಕಿ ಭಾಳ ತಣ್ಣಗಿನ ಹೆಣಮಗಳು."
ಮನಸ್ಸು ಕರಗೂದಕ್ಕ ರ‍್ಯೂರುಂಗ್,
ಝುಣಕಾ ತಿರುವತಾರಲ್ಲ, ಆ ತಿರುವೂದು.
"ತಳಾ ಹಿಡೀಬಾರದು ಮತ್ತ," ನಕ್ಕ.

ಜೇನ್‌ಜುಖ್ಟ್ ಅಂದೆ.
"ನಮ್ಮ ಜೇನ?"
ಅಲ್ಲ ಅಜ್ಜಾ. ಜೇನ್ ಅಂದರ ಹಂಬಲಿಸೂದು. ಜುಖ್ಟ್ ಅಂದರ ಚಟ.
ಹಿಂದಕ ಬ್ಯಾನಿಗೂ ಅದ ಮಾತಿತ್ತು.
ಆತ ಏನೂ ಅನ್ನಲಿಲ್ಲ.
ಕರೆಂಟ್ ಬಂತು. ಕೆಳಗ ಕಿಡಿ ಹಾರಿದುವು.

ಪೆನ್ನ ಇಟ್ಟು ಕೇಳಿದೆ:
ಪೂರ್ಣಿಮಾಗ ನೀವು ಹೇಳಿದ್ದೇನು, ಕನ್ನಡದಾಗ?

"ಏನ ಹೇಳಲಿ.
ಮಧ್ಯಾಹ್ನ ನನ್ನ ಬುತ್ತಿಯಾಗಿಂದು ಎರಡು ರೊಟ್ಟಿ ಆಕೀಗಿ.
ಶೇಂಗಾ ಚಟ್ನಿ ಖಾರಕ್ಕ ಮೂಗು ಕೆಂಪಗ.
ಸಾಕೇನ್ರಿ ಅಂದರ 'ಹೌದ್ರಿ', ಬೇಕೇನ್ರಿ ಅಂದರ 'ಹೌದ್ರಿ',
ಅದೊಂದ ಕಲತಿದ್ದಳು.
ಆಕಿ ಹ್ವಾದ ಮ್ಯಾಲೆ
ದಿನಾ ಎರಡು ರೊಟ್ಟಿ ಉಳಕೊಂಡು ಮನೀಗೆ ಬರತಿದ್ದುವು.
ನನ್ನ ಹೆಂಡತಿ ಏನೂ ಕೇಳಲಿಲ್ಲ.
ವಾರ ನೋಡಿ, ಎರಡು ಕಡಿಮಿ ಕಟ್ಟಿದಳು.
ಇಷ್ಟ ಹೇಳಿದ್ದೆ ಕೂಸಿಗೆ."

ಮತ್ತ, ಮಮ್ಮಗಳ ಪರವಾಗಿ ಅನ್ನೂವಂಗ:
"ಎರಕ ಆರಿದರ ಕುಗ್ಗತೈತ್ರಿ. ಕಬ್ಬಣ ನೂರಕ್ಕ ಒಂದು.
ಅದಕ್ಕ ಪ್ಯಾಟರ್ನ್ ಮಾಡಾವನ ಇಂಚುಪಟ್ಟಿ ಬ್ಯಾರೇನ,
ಒಂದೊಂದು ಇಂಚೂ ಒಂದೆಳಿ ಉದ್ದ.
ಕೂಸು ಅದಕ್ಕ ದೊಡ್ಡದು ಬರದಿರಬೇಕು."

ಮೂವತ್ತು ವರ್ಷ ಆರಿದ್ದಕ್ಕ ಎಷ್ಟು ಪಾಲು ಬಿಡಬೇಕು?
ನನ್ನ ಕೋಶದಾಗ ಇರಲಿಲ್ಲ. ಆತನ ಪಟ್ಟಿಯೊಳಗೂ.

ಹಾರ್ಟ್ ಎಂಟೂ ಹೊಡದೆ.
ರೊಟ್ಟಿಗೆ ಅವರ ಬ್ರೋಟ್ ಹೊಂದಲಿಲ್ಲ, ಅದು ದಪ್ಪ;
ರೊಟ್ಟಿ ಅಂತನ ಬರದೆ ಅವರ ಅಕ್ಷರದಾಗ.
ಇಂಗ್ಲಿಷಿನ್ಯಾಗ ಅವಸರ ಮಾಡಿ ನಡುವ ಕೂತ ಕ್ರಿಯಾಪದ
ಜರ್ಮನ್ನಿನ ಒಳವಾಕ್ಯದಾಗ, ನಮ್ಮಂಗ,
ಕಡೀಕ ಸರದು ನಿಂತು: ಉಳಿದುವು.

ಕೆಳಗ ಜಾಗಾ ಇತ್ತು. ಆತನ ಪೆನ್ನ ಇಸಗೊಂಡು
ತುದಿ ಇಲ್ಲದ ಹೆಬ್ಬೆರಳಿಂದ, ಕಟ್ಟಿಗಿ ಕೊರದಂಗ ಒತ್ತಿ,
ಹೌದ್ರಿ ಅಂತ ಕನ್ನಡದಾಗ ಬರದ.

"ಎಷ್ಟು ಮಾತಾದುವು?"
ಮೂವತ್ತೊಂದು. ಹೌದ್ರಿ ಲೆಕ್ಕಕ್ಕ ಹಿಡೀಲಿಲ್ಲ.
ಐವತ್ತರ ನೋಟು ಇಟ್ಟ. ನನ್ನ ಕಡೆ ಚಿಲ್ಲರ ಇರಲಿಲ್ಲ.
ಮೂರೂವರಿ ರೂಪಾಯಿ ಇನ್ನೂ ಕೊಡೂದೈತಿ.